ಸಿಗಡಿ ಕೆರೆಯ ಕ್ಷಾರತೆ: ಮೊದಲು ಅಳತೆ, ಆಮೇಲೆ ಸುಣ್ಣ

ಕಾಸರಗೋಡು ಸೀಮೆಯ ಹಿನ್ನೀರಿನ ದಂಡೆಗಳಲ್ಲಿ ಸಿಗಡಿ ಸಾಕುವ ನಮ್ಮ ರೈತ ಬಂಧುಗಳಲ್ಲಿ “ಕೆರೆಗೆ ಸುಣ್ಣ ಎಷ್ಟು ಹಾಕಬೇಕು?” ಎಂದು ಕೇಳುವವರು ಬಹಳ. “ನೀರನ್ನು ಅಳೆದದ್ದು ಸರಿಯಾಗಿದೆಯೇ?” ಎಂದು ಕೇಳುವವರು ವಿರಳ. ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯನಿಗೂ ಅಳೆಯದೆ ಸುಣ್ಣ ಸುರಿಯುವ ರೈತನಿಗೂ ಹೆಚ್ಚಿನ ಅಂತರವಿಲ್ಲವೆಂದು ನಾವು ತಿಳಿಯುತ್ತೇವೆ.

ಕ್ಷಾರತೆ ಎಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಅದು ಮುಖ್ಯವಾಗಿ ಬೈಕಾರ್ಬೊನೇಟು, ಕಾರ್ಬೊನೇಟುಗಳಿಂದ ಬರುತ್ತದೆ. ಪಿ.ಹೆಚ್. ಬೇರೆ, ಕ್ಷಾರತೆ ಬೇರೆ. ಹಗಲಲ್ಲಿ ಪಾಚಿಯು ಇಂಗಾಲಾಮ್ಲವನ್ನು ಹೀರುವುದರಿಂದ ಪಿ.ಹೆಚ್. ಸಂಜೆಗೆ ಏರುತ್ತದೆ, ಮುಂಜಾನೆಗೆ ಇಳಿಯುತ್ತದೆ. ಈ ಏರಿಳಿತಕ್ಕೆ ಕಡಿವಾಣ ಹಾಕುವುದೇ ಕ್ಷಾರತೆ. ಸಮುದ್ರದ ನೀರಿನಲ್ಲಿ ಅದು ಲೀಟರಿಗೆ ಸುಮಾರು 115ರಿಂದ 120 ಮಿಲಿಗ್ರಾಂ ಇರುತ್ತದೆ. ನಮ್ಮ ಮುರಕಲ್ಲು ನೆಲದ ಬಾವಿನೀರಿನಲ್ಲಿ ಬಹಳ ಕಡಮೆ. ಮಳೆಗಾಲದ ಸಿಹಿನೀರು ಕೆರೆಗೆ ಸೇರಿದಾಗ ಕ್ಷಾರತೆ ಕುಸಿಯುವುದು ಇದರಿಂದಲೇ. ಲೀಟರಿಗೆ 100ಕ್ಕಿಂತ ಇಳಿಯದಂತೆ ನೋಡಿಕೊಳ್ಳುವುದು ಸಿಗಡಿಗೆ ಹಿತ.

ಅಳತೆಯಲ್ಲಿ 20 ಮಿಲಿಗ್ರಾಂ ತಪ್ಪಿದರೆ ಏನು ಮಹಾ ಎನ್ನಬೇಡಿ. ಒಂದು ಎಕರೆಯ, ಒಂದು ಮೀಟರು ಆಳದ ಕೆರೆಯಲ್ಲಿ ಸುಮಾರು 4,000 ಘನ ಮೀಟರು ನೀರಿದೆ. ಅಷ್ಟು ನೀರಿಗೆ 20 ಮಿಲಿಗ್ರಾಮಿನ ತಪ್ಪೆಂದರೆ 80 ಕಿಲೋ ಕ್ಯಾಲ್ಸಿಯಂ ಕಾರ್ಬೊನೇಟಿನ ತಪ್ಪು; ಸೋಡಾದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 135 ಕಿಲೋ. ಕೈಯ ಹಣ ಹೋಗುವುದು ಒಂದು ನಷ್ಟ. ಸುಟ್ಟ ಸುಣ್ಣವನ್ನು ಅತಿಯಾಗಿ ಹಾಕಿದರೆ ಪಿ.ಹೆಚ್. ಥಟ್ಟನೆ ಏರಿ, ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಬೆಳೆಯೇ ಹೋಗುವ ನಷ್ಟ ಇದು.

ಅಂಗಡಿಯಲ್ಲಿ ಸಿಗುವ ಹನಿ ಪರೀಕ್ಷೆಯ ಪೆಟ್ಟಿಗೆ ಕೆಟ್ಟದ್ದಲ್ಲ. ಬಳಸುವ ಕೈಗೆ ಶಿಸ್ತು ಬೇಕು. ನೀರನ್ನು ಮೇಲ್ಪದರದಿಂದ ತೆಗೆಯದೆ ಒಂದು ಅಡಿ ಕೆಳಗಿನಿಂದ, ಪ್ರತಿ ಸಲವೂ ಅದೇ ಹೊತ್ತಿಗೆ ತೆಗೆಯಬೇಕು. ಕೆಸರಿದ್ದರೆ ಸೋಸಬೇಕು, ಸುಣ್ಣದ ಅಥವಾ ಚಿಪ್ಪಿನ ಹುಡಿ ಉಳಿದರೆ ಅದೂ ಆಮ್ಲವನ್ನು ನುಂಗಿ ಅಂಕಿಯನ್ನು ಏರಿಸುತ್ತದೆ. ಗಾಜಿನ ಕೊಳವೆಯನ್ನು ಅದೇ ನೀರಿನಿಂದ ತೊಳೆದು, ನೀರಿನ ಬಾಗಿದ ಮೇಲ್ಮೈಯ ತಳವು ಗೀಟಿಗೆ ಸರಿಯಾಗುವಂತೆ ಕಣ್ಣಿನ ಮಟ್ಟದಲ್ಲಿ ನೋಡಿ ತುಂಬಬೇಕು. ಹನಿ ಬೀಳಿಸುವಾಗ ಸೀಸೆ ನೆಟ್ಟಗಿರಲಿ. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ಗಾಳಿಗುಳ್ಳೆ ಸೇರಿದರೆ ಹನಿ ಕಿರಿದಾಗುತ್ತದೆ. ಪ್ರತಿ ಹನಿಗೂ ಕೊಳವೆಯನ್ನು ಅಲುಗಿಸಿ, ಹಿಂದೆ ಬಿಳಿ ಕಾಗದವಿಟ್ಟು ಬಣ್ಣ ನೋಡಬೇಕು. ಬ್ಲೀಚಿಂಗ್ ಪುಡಿ ಹಾಕಿದ ಕೆರೆಯಾದರೆ ಉಳಿದ ಕ್ಲೋರೀನು ಬಣ್ಣವನ್ನೇ ಅಳಿಸಬಹುದು. ಮೊದಲು ಒಂದು ಹನಿ ಹೈಪೋ ದ್ರಾವಣ ಹಾಕುವುದು ಲೇಸು.

ಇಷ್ಟಾದರೂ ಪೆಟ್ಟಿಗೆಯನ್ನೇ ಪರೀಕ್ಷಿಸಬೇಕು. ಚಿನಿವಾರರ ತಕ್ಕಡಿಯಲ್ಲಿ 1.68 ಗ್ರಾಂ ಶುದ್ಧವಾದ, ಒಣಗಿದ ಅಡುಗೆ ಸೋಡಾ ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರು ಮಾಡಿ. ಬೇಕಿಂಗ್ ಪುಡಿ ಇದಕ್ಕೆ ಆಗದು. ಅದರಲ್ಲಿ 100 ಮಿಲಿಲೀಟರು ತೆಗೆದು ಮತ್ತೆ ಅದೇ ಬಗೆಯ ನೀರು ಸೇರಿಸಿ ಒಂದು ಲೀಟರು ಮಾಡಿದರೆ, ಅದರ ಕ್ಷಾರತೆ 100. ಪೆಟ್ಟಿಗೆ 100 ಎಂದರೆ ನಂಬಬಹುದು. 120 ಎಂದರೆ, ಕೆರೆಯಲ್ಲಿ ಬಂದ ಅಂಕಿಯನ್ನು 100ರಿಂದ ಗುಣಿಸಿ 120ರಿಂದ ಭಾಗಿಸಬೇಕು; 90 ಬಂದರೆ ನಿಜವಾದದ್ದು 75. ಐದನೆಯ ತರಗತಿಯ ಲೆಕ್ಕ ಬಲ್ಲವರು ಯಾರೂ ಇದನ್ನು ಮಾಡಬಹುದು.

ಇನ್ನೊಂದು ಮಾತು. ಕೆಲವು ಪೆಟ್ಟಿಗೆಗಳು ಜರ್ಮನ್ ಡಿಗ್ರಿಯಲ್ಲಿ ಅಳೆಯುತ್ತವೆ. ಒಂದು ಡಿಗ್ರಿ ಎಂದರೆ 17.9 ಮಿಲಿಗ್ರಾಂ. 7 ಡಿಗ್ರಿ ಬಂದುದನ್ನು 7 ಮಿಲಿಗ್ರಾಂ ಎಂದು ಓದಿದವನು ಗಾಬರಿಯಿಂದ ಮೂಟೆ ಮೂಟೆ ಸುಣ್ಣ ಸುರಿದಾನು. ನಿಜವಾಗಿ ಅವನ ಕೆರೆಯಲ್ಲಿ 125 ಇದೆ! ಈ ತಿಳುವಳಿಕೆಯ ಚೀಟಿ ನಮ್ಮವರು ಓದುವ ಭಾಷೆಯಲ್ಲಿ ಇರಬೇಡವೆ? ಕನ್ನಡ ಬಲ್ಲ ರೈತನ ಕೈಗೆ ಬೇರೆ ಭಾಷೆಯ ಚೀಟಿ ಕೊಡುವುದೂ ಒಂದೇ, ಬರಿ ಕಾಗದ ಕೊಡುವುದೂ ಒಂದೇ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ಆ ಹಕ್ಕನ್ನು ಭಾಷಣಕ್ಕೆ ಮಾತ್ರ ಮೀಸಲಿಡದೆ, ಮೀನುಗಾರಿಕೆ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆದು, ನೀರಿನ ಪರೀಕ್ಷೆಯ ವಿಧಾನವನ್ನು ಕನ್ನಡದಲ್ಲಿ ಕೇಳೋಣ. ಅಲ್ಲಿಯ ತನಕ ಪ್ರತಿ ಊರಿನ ಸಿಗಡಿ ಕೃಷಿಕರು ಕೂಡಿ, ಮೇಲೆ ಹೇಳಿದ 100ರ ದ್ರಾವಣವನ್ನು ಶಾಲೆಯ ಪ್ರಯೋಗಶಾಲೆಯ ನೆರವಿನಿಂದ ತಯಾರಿಸಿ, ಎಲ್ಲರ ಪೆಟ್ಟಿಗೆಗಳನ್ನೂ ಒಂದೇ ದಿನ ತಾಳೆ ನೋಡಲಿ. ಅದರ ಖರ್ಚು ಅರ್ಧ ಚೀಲ ಸುಣ್ಣದಷ್ಟೂ ಆಗದು.