ಕೊಬ್ಬಿನ ಗ್ರೇಡಿಗಿಂತ ಕಲೆಯ ಲೆಕ್ಕ ಮುಖ್ಯ

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡವರ ವರದಿಯಲ್ಲಿ ಈಚೆಗೆ ಪದೇ ಪದೇ ಕಾಣುವ ಒಂದು ಸಾಲಿದೆ: ‘ಫ್ಯಾಟಿ ಲಿವರ್, ಗ್ರೇಡ್ 1’. ಮೂತ್ರಕೋಶದ ಕಲ್ಲಿಗೆಂದು ಹೋದವರಿಗೂ ವಾರ್ಷಿಕ ತಪಾಸಣೆಗೆ ಹೋದವರಿಗೂ ಇದು ಕೇಳದೆಯೇ ಸಿಗುತ್ತದೆ. ಕೆಲವರು ಗಾಬರಿಯಾಗುತ್ತಾರೆ. ಹಲವರು ‘ಎಲ್ಲರಿಗೂ ಇರುತ್ತದಂತೆ’ ಎಂದು ವರದಿಯನ್ನು ಬೀರುವಿಗೆ ಸೇರಿಸುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಏಕೆಂದು ತಿಳಿಯಲು ಯಕೃತ್ತಿನ ಕೆಲಸವನ್ನು ಸ್ವಲ್ಪ ನೋಡಬೇಕು.

ಯಕೃತ್ತು, ಅಂದರೆ ಲಿವರ್, ಬಲಪಕ್ಕೆಲುಬಿನ ಅಡಿಯಲ್ಲಿರುವ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಕರುಳು ಹೀರಿದ ಆಹಾರದ ಸಾರ ಬಹುಪಾಲು ಮೊದಲು ಇಲ್ಲಿಗೇ ಬರುತ್ತದೆ. ಅನ್ನ, ಮುದ್ದೆ, ಸಕ್ಕರೆಯಿಂದ ಬಂದ ಗ್ಲೂಕೋಸ್‌ನಲ್ಲಿ ಒಂದಿಷ್ಟನ್ನು ಅದು ಮುಂದಿನ ಖರ್ಚಿಗೆ ಕೂಡಿಡುತ್ತದೆ. ಆದರೆ ಆ ಕಣಜ ಚಿಕ್ಕದು. ತುಂಬಿದ ಮೇಲೂ ಬರುತ್ತಲೇ ಇದ್ದರೆ ಮಿಕ್ಕಿದ್ದು ಕೊಬ್ಬಾಗುತ್ತದೆ. ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳದಿದ್ದಾಗ ಹೊಟ್ಟೆಯ ಸುತ್ತಲಿನ ಕೊಬ್ಬೂ ರಕ್ತದ ಮೂಲಕ ಇಲ್ಲಿಗೆ ಹರಿದು ಬರುತ್ತದೆ. ಯಕೃತ್ತಿನ ಶೇ 5ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಕೊಬ್ಬಿನ ಹನಿಗಳು ನಿಂತರೆ ಅದೇ ಫ್ಯಾಟಿ ಲಿವರ್.

‘ಲಿವರ್ ಕೆಟ್ಟಿದೆ’ ಎಂದರೆ ‘ಕುಡಿಯುತ್ತಿದ್ದರಾ?’ ಎಂಬ ಪ್ರಶ್ನೆ ಇಂದಿಗೂ ತಪ್ಪಿದ್ದಲ್ಲ. ಆದರೆ ಮದ್ಯದ ಹಂಗಿಲ್ಲದೆಯೂ ಇಂಥದೇ ಕಾಯಿಲೆ ಬರುತ್ತದೆಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಜರ್ಗನ್ ಲುಡ್‌ವಿಗ್ ಮತ್ತು ಸಂಗಡಿಗರು 20 ರೋಗಿಗಳ ಯಕೃತ್ತನ್ನು ಪರೀಕ್ಷಿಸಿ 1980ರಲ್ಲೇ ಬರೆದು, ಅದಕ್ಕೊಂದು ಹೆಸರನ್ನೂ ಇಟ್ಟರು. ದಪ್ಪಗಿರುವವರಿಗೆ ಮಾತ್ರ ಇದು ಬರುತ್ತದೆ ಎಂಬುದೂ ನಿಜವಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 8.7 ಮಂದಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ನಾಲ್ವರಲ್ಲಿ ಮೂವರಂತೆ ತೂಕ ಮಿತಿಯೊಳಗೇ ಇತ್ತು.

ಇಷ್ಟಾದರೂ ಕೊಬ್ಬೊಂದೇ ಇದ್ದರೆ ಯಕೃತ್ತು ಅದನ್ನು ಬಹುಕಾಲ ತಾಳಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬು ತುಂಬಿದ ಕೋಶಗಳು ಊದಿ, ಸುತ್ತ ಉರಿಯೂತ ಹುಟ್ಟುತ್ತದೆ. ಆಗ ನಕ್ಷತ್ರದಾಕಾರದ ಒಂದು ಬಗೆಯ ಕೋಶಗಳು ಎಚ್ಚರಗೊಳ್ಳುತ್ತವೆ. ಮಾಮೂಲಿನ ದಿನಗಳಲ್ಲಿ ವಿಟಮಿನ್ ‘ಎ’ ಕೂಡಿಡುವ ಈ ಸಾಧು ಕೋಶಗಳು, ಗಾಯದ ಸುದ್ದಿ ಬಂದೊಡನೆ ನಾರು ನೇಯತೊಡಗುತ್ತವೆ. ಮೊಣಕಾಲಿನ ತರಚು ಗಾಯ ಮಾಯ್ದು ಕಲೆ ಉಳಿಯುವಂತೆಯೇ ಇದು. ಆದರೆ ಗಾಯ ದಿನವೂ ಆಗುತ್ತಿದ್ದರೆ ಕಲೆಯೂ ದಿನವೂ ಬೆಳೆಯುತ್ತದೆ. ವೈದ್ಯರು ಈ ಕಲೆಗಟ್ಟುವಿಕೆಯನ್ನು ಫೈಬ್ರೋಸಿಸ್ ಎನ್ನುತ್ತಾರೆ, 0ಯಿಂದ 4ರವರೆಗೆ ಹಂತಗಳಲ್ಲಿ ಅಳೆಯುತ್ತಾರೆ. ನಾಲ್ಕನೆಯದೇ ಸಿರೋಸಿಸ್, ಅಂದರೆ ಯಕೃತ್ತು ಗಂಟುಗಂಟಾಗಿ ಗಡುಸಾದ ಸ್ಥಿತಿ.

ಗೊಂದಲ ಇರುವುದು ಇಲ್ಲೇ. ಸ್ಕ್ಯಾನಿಂಗ್ ವರದಿಯ ‘ಗ್ರೇಡ್’ ಹೇಳುವುದು ಕೊಬ್ಬಿನ ಪ್ರಮಾಣವನ್ನು. ಮುಂದಿನ ಅಪಾಯವನ್ನು ಹೇಳುವುದು ಕಲೆಯ ಹಂತ. ಗ್ರೇಡ್ 3 ಇದ್ದವರಲ್ಲಿ ಕಲೆಯೇ ಇಲ್ಲದಿರಬಹುದು, ಗ್ರೇಡ್ 1 ಇದ್ದವರಲ್ಲಿ ಅದು ಸಾಕಷ್ಟು ಮುಂದುವರಿದಿರಬಹುದು. ಯಕೃತ್ತಿನ ಒಳಗೆ ನೋವು ತಿಳಿಸುವ ನರಗಳಿಲ್ಲ, ಅವು ಇರುವುದು ಹೊರಪೊರೆಯಲ್ಲಿ. ಹಾಗಾಗಿ ರೋಗಿಗೂ ಸುಳಿವು ಸಿಗುವುದಿಲ್ಲ.

ಸಂಶೋಧಕರನ್ನು ಕಾಡಿದ್ದೂ ಇದೇ. ಔಷಧ ಫಲ ಕೊಟ್ಟಿತೇ ಎಂದು ನೋಡಲು ಸೂಜಿಯಿಂದ ಯಕೃತ್ತಿನ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಡಬೇಕು. ಆ ಚೂರು ಇಡೀ ಅಂಗದ ಸುಮಾರು 50,000ದಲ್ಲಿ ಒಂದು ಭಾಗ. ಹೊಲದ ಒಂದು ಹಿಡಿ ಮಣ್ಣು ಇಡೀ ಹೊಲದ ಗುಣ ಹೇಳಬೇಕಾದಂತೆ. ಒಂದರ ಹಿಂದೊಂದು ಔಷಧಗಳು ಪ್ರಯೋಗದಲ್ಲಿ ಸೋತವು. ಕಾಯಿಲೆಗೆ ಹೆಸರಿಟ್ಟ 44 ವರ್ಷಗಳ ನಂತರ, 2024ರ ಮಾರ್ಚ್‌ನಲ್ಲಿ, ರೆಸ್ಮೆಟಿರೋಮ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಮೊದಲ ಒಪ್ಪಿಗೆ ದೊರೆಯಿತು.

ಅದರ ಹಿಂದಿನ ಉಪಾಯ ಸೊಗಸಾದದ್ದು. ಥೈರಾಯ್ಡ್ ಹಾರ್ಮೋನು ಕೊಬ್ಬನ್ನು ಉರಿಸುತ್ತದೆ, ಆದರೆ ಹೆಚ್ಚಾದರೆ ಎದೆಬಡಿತ ಏರುತ್ತದೆ, ಮೂಳೆ ಸವೆಯುತ್ತದೆ. ಈ ಹಾರ್ಮೋನಿಗೆ ಜೀವಕೋಶಗಳಲ್ಲಿ ಎರಡು ಬಗೆಯ ಬೀಗಗಳಿವೆ. ಹೃದಯ ಮತ್ತು ಮೂಳೆಗಳಲ್ಲಿ ‘ಆಲ್ಫಾ’ ಹೆಚ್ಚು, ಯಕೃತ್ತಿನಲ್ಲಿ ‘ಬೀಟಾ’ ಹೆಚ್ಚು. ಹೊಸ ಮಾತ್ರೆ ಮುಖ್ಯವಾಗಿ ಬೀಟಾಕ್ಕೆ ಹೊಂದುವ ಕೀಲಿ.

966 ಮಂದಿಯ ಪ್ರಯೋಗದಲ್ಲಿ 52 ವಾರಗಳ ಬಳಿಕ, ಹೆಚ್ಚಿನ ಡೋಸ್ ಪಡೆದವರಲ್ಲಿ ಶೇ 25.9 ಮಂದಿಯ ಕಲೆ ಕನಿಷ್ಠ ಒಂದು ಹಂತ ಇಳಿದಿತ್ತು. ಹುಸಿಮಾತ್ರೆ ಪಡೆದವರಲ್ಲೂ ಶೇ 14.2 ಮಂದಿಗೆ ಇಳಿದಿತ್ತು. ಔಷಧವಿಲ್ಲದೆ ಅವರು ಸುಧಾರಿಸಿದ್ದು ಹೇಗೆ? ಸೂಜಿಗೆ ಸಿಕ್ಕ ಚೂರಿನ ಅದೃಷ್ಟ ಒಂದಿಷ್ಟು. ಪ್ರಯೋಗಕ್ಕೆ ಸೇರಿದವರು ಊಟ-ನಡಿಗೆಯಲ್ಲಿ ಜಾಗ್ರತೆ ವಹಿಸುವುದೂ ಒಂದಿಷ್ಟು. ಅಂದರೆ ಔಷಧದ ಲಾಭ ನಿಜ, ಆದರೆ ಅದು ನೂರರಲ್ಲಿ ಸುಮಾರು ಹನ್ನೆರಡು ಮಂದಿಯ ಮಟ್ಟದ್ದು. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ 2025ರ ಆಗಸ್ಟ್‌ನಲ್ಲಿ ಇದೇ ಕಾಯಿಲೆಗಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಸಿರೋಸಿಸ್ ಮತ್ತು ಸಾವನ್ನು ತಡೆಯುತ್ತವೆಯೇ ಎಂಬ ಪರೀಕ್ಷೆ ಇನ್ನೂ ಮುಗಿದಿಲ್ಲ.

ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಅಧ್ಯಯನ 2015ರಲ್ಲಿ ಕ್ಯೂಬಾದಿಂದ ಬಂತು. 293 ಮಂದಿಗೆ ಒಂದು ವರ್ಷ ಆಹಾರ, ವ್ಯಾಯಾಮಗಳ ಸಲಹೆ ಮಾತ್ರ ಕೊಡಲಾಯಿತು. ದೇಹತೂಕದ ಶೇ 10ರಷ್ಟನ್ನಾದರೂ ಇಳಿಸಿದವರಲ್ಲಿ ಶೇ 90 ಮಂದಿಗೆ ಉರಿಯೂತದ ಕಾಯಿಲೆ ಗುಣವಾಯಿತು, ಶೇ 45 ಮಂದಿಗೆ ಕಲೆಯೂ ಇಳಿಯಿತು. ರೆಸ್ಮೆಟಿರೋಮ್ ಮಾತ್ರೆಯ ಫಲಿತಾಂಶ ಇದರ ಹತ್ತಿರ ಬಂದಿಲ್ಲ. ಆದರೆ ಅಷ್ಟು ತೂಕ ಇಳಿಸಲು ಆದದ್ದು ಹತ್ತರಲ್ಲಿ ಒಬ್ಬರಿಗೆ. ಮಿಕ್ಕವರ ಸಲುವಾಗಿಯೇ ಔಷಧ ಬೇಕಾಗಿರುವುದು.

ಹಾಗಾದರೆ ಯಾರಿಗೆ ಬರಿ ಪಥ್ಯ ಸಾಕು, ಯಾರನ್ನು ತಜ್ಞರ ಬಳಿ ಕಳಿಸಬೇಕು? ಇದಕ್ಕೆ ‘ಫಿಬ್-4’ ಎಂಬ ಸರಳ ಲೆಕ್ಕವಿದೆ. ವಯಸ್ಸು, ಎಎಸ್‌ಟಿ ಮತ್ತು ಎಎಲ್‌ಟಿ ಎಂಬ ಯಕೃತ್ತಿನ ಎರಡು ಕಿಣ್ವಗಳು, ಪ್ಲೇಟ್‌ಲೆಟ್ ಸಂಖ್ಯೆ, ಇಷ್ಟಿದ್ದರೆ ಸಾಕು. ಉತ್ತರ 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಕಲೆಯ ಸಂಭವ ಕಡಿಮೆ. ಹೆಚ್ಚಿದ್ದರೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮುಂದಿನ ಮೆಟ್ಟಿಲು. ತೀರ ಎಳೆಯರಲ್ಲಿ, ವೃದ್ಧರಲ್ಲಿ ಈ ಲೆಕ್ಕ ತಪ್ಪಬಹುದು, ಆದ್ದರಿಂದ ಇದು ತೀರ್ಪಲ್ಲ, ಜರಡಿ.

ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿದೆ. ದುಬಾರಿ ಔಷಧಗಳ ದಾರಿ ಕಾಯುವ ಮೊದಲು, ಸಕ್ಕರೆ ಕಾಯಿಲೆಯವರ ಮಾಮೂಲಿ ರಕ್ತಪರೀಕ್ಷೆಯ ಹಾಳೆಯ ಕೆಳಗೆ ಫಿಬ್-4ರ ಈ ಒಂದು ಅಂಕಿಯನ್ನೂ ಮುದ್ರಿಸುವ ರೂಢಿ ಬಂದರೆ ಒಳ್ಳೆಯದೆಂದು ತೋರುತ್ತದೆ. ಅದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ರಕ್ತವೂ ಬೇಡ. ಅಲ್ಲಿಯವರೆಗೆ, ಬೀರುವಿನಲ್ಲಿರುವ ಹಳೆಯ ವರದಿಯನ್ನು ಹೊರತೆಗೆದು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ‘ಕೊಬ್ಬು ಎಷ್ಟಿದೆ?’ ಎಂಬುದಲ್ಲ, ‘ಕಲೆ ಇದೆಯೇ?’ ಎಂಬುದು.