ಮಾತ್ರೆ ನುಂಗಿದ ನಾಯಿಗೆ ಯಾರು ದಿಕ್ಕು?

ಹಿರಿಯರಿರುವ ಮನೆಯೆಂದರೆ ಈಗ ಔಷಧದ ಪುಟ್ಟ ಅಂಗಡಿಯೇ ಸರಿ. ರಕ್ತದೊತ್ತಡಕ್ಕೊಂದು, ಸಕ್ಕರೆ ಕಾಯಿಲೆಗೊಂದು, ಮೊಣಕಾಲು ನೋವಿಗೆ ಮತ್ತೊಂದು ಮಾತ್ರೆ. ಜಗಲಿಯಲ್ಲಿ ಮರೆತುಬಿಟ್ಟ ಮಾತ್ರೆಗಳನ್ನು ಸಾಕುನಾಯಿ ಜಗಿದು ನುಂಗುವುದು ಅಪರೂಪವೇನಲ್ಲ. ಆಗ ಏನು ಮಾಡಬೇಕೆಂಬ ಅರಿವು ಮಾತ್ರ ಅಪರೂಪ.

ಮನುಷ್ಯನಿಗೆ ಹಿತವಾದ ಔಷಧ ಪ್ರಾಣಿಗೂ ಹಿತವೆಂಬ ನಂಬಿಕೆಯೇ ಮೊದಲ ತಪ್ಪು. ನೋವಿಗೆ ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಮಿತಿಮೀರಿದರೆ ಯಕೃತ್ತಿಗೆ ಅಪಾಯ. ಬೆಕ್ಕಿಗಂತೂ 500 ಮಿಲಿಗ್ರಾಂನ ಒಂದೇ ಮಾತ್ರೆ ಪ್ರಾಣಾಂತಿಕವಾಗಬಹುದು.

ಎರಡನೆಯ ತಪ್ಪು ಮನೆಮದ್ದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಹಾನಿಯಾದೀತು. ಹಾಲು ಈ ವಿಷಕ್ಕೆ ಮದ್ದಲ್ಲ. ವಾಂತಿಯಿಂದ ಪ್ರಯೋಜನವಾಗುವುದು ಸಾಮಾನ್ಯವಾಗಿ ಮೊದಲ ಒಂದೆರಡು ಗಂಟೆಗಳಲ್ಲಿ, ಅದೂ ವೈದ್ಯರ ಸೂಚನೆಯಂತೆ ಮಾಡಿಸಿದಾಗ. ಲಕ್ಷಣ ಕಾಣಲೆಂದು ಕಾಯುತ್ತ ಕೂರದೆ, ಮಾತ್ರೆಯ ಹೆಸರು, ಪ್ರಮಾಣ, ನುಂಗಿದ ಹೊತ್ತು, ನಾಯಿಯ ತೂಕ ಇಷ್ಟನ್ನು ಪಶುವೈದ್ಯರಿಗೆ ಒಡನೆಯೇ ತಿಳಿಸುವುದು ಮನೆಯವರ ಕರ್ತವ್ಯ. ಪ್ಯಾರಾಸಿಟಮಾಲ್ ವಿಷಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ. ಅದು ಸಕಾಲದಲ್ಲಿ ಸಿಗಬೇಕಷ್ಟೆ.

ಆದರೆ ತಿಳಿಸುವುದು ಯಾರಿಗೆ? ಕಡಬ ತಾಲ್ಲೂಕಿನ ಕೊಯಿಲದಂತಹ ಊರುಗಳಲ್ಲಿ ಮನೆಗಳಿರುವುದು ಅಡಿಕೆ, ರಬ್ಬರ್ ತೋಟಗಳ ನಡುವೆ, ಒಂದಕ್ಕೊಂದು ದೂರದಲ್ಲಿ. ತೋಟವನ್ನೂ ಹಟ್ಟಿಯನ್ನೂ ಕಾಯುವುದು ನಾಯಿ. ನಮ್ಮ ಸರ್ಕಾರಿ ಪಶುವೈದ್ಯ ವ್ಯವಸ್ಥೆ ಬೆಳೆದದ್ದಾದರೋ ಹಾಲು ಕರೆಯುವ ಹಸುವಿನ ಸುತ್ತ. ಅದು ಸಹಜವೇ, ಆದರೆ ಅಷ್ಟಕ್ಕೇ ನಿಲ್ಲಬೇಕಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜು 1978ರಲ್ಲಿ ಪ್ರಾಣಿಗಳ ವಿಷಬಾಧೆಗೆ ದೂರವಾಣಿಯಲ್ಲಿ ಸಲಹೆ ನೀಡುವ ಕೇಂದ್ರವನ್ನು ಆರಂಭಿಸಿತು. ಪ್ರಾಣಿದಯಾ ಸಂಸ್ಥೆಯೊಂದರ ಆಶ್ರಯದಲ್ಲಿ ಅದು ಈಗಲೂ ಹಗಲಿರುಳು ಕೆಲಸ ಮಾಡುತ್ತಿದೆ. ಮನುಷ್ಯರಿಗಾಗಿ ಇಂಥ ಕೇಂದ್ರ ದೆಹಲಿಯ ಏಮ್ಸ್‌ನಲ್ಲಿಯೂ ಇದೆ. ಕರ್ನಾಟಕದಲ್ಲಿ ಪಶುಚಿಕಿತ್ಸಾ ವಾಹನ ಕರೆಸಲು 1962 ಎಂಬ ಸಂಖ್ಯೆಯಿದೆ. ಅದೇ ಸಂಖ್ಯೆಯಲ್ಲಿ ರಾತ್ರಿ ವೇಳೆಯೂ ವಿಷಬಾಧೆಗೆ ಸಲಹೆ ನೀಡಬಲ್ಲ ವೈದ್ಯರೊಬ್ಬರು ಸಿಗುವಂತೆ ಮಾಡುವುದು ಅಸಾಧ್ಯವೇನಲ್ಲ.

ಕೊಯಿಲದಲ್ಲಿ ಹಳೆಯ ಜಾನುವಾರು ಸಂವರ್ಧನಾ ಕೇಂದ್ರವಿದೆ. ಅದರ ಜಾಗದಲ್ಲಿಯೇ ಪಶುವೈದ್ಯಕೀಯ ಕಾಲೇಜು ತೆರೆಯುವ ಘೋಷಣೆಯಾಗಿ ದಶಕ ಕಳೆದಿದೆ. ಇಂಥ ಸಲಹಾ ಕೇಂದ್ರಕ್ಕೆ ಇದಕ್ಕಿಂತ ಸೂಕ್ತ ನೆಲೆ ಬೇಕೆ? ಮೂಕಪ್ರಾಣಿಗಳಿಗೆ ಹಣ ಸುರಿಯಬೇಕೆ ಎಂದು ಕೇಳುವವರಿದ್ದಾರೆ. ಕೇಳುತ್ತಿರುವುದು ಹೊಸ ಆಸ್ಪತ್ರೆಯನ್ನಲ್ಲ. ಒಂದು ದೂರವಾಣಿ, ಪಾಳಿಯಲ್ಲಿ ದುಡಿಯುವ ಕೆಲವು ವೈದ್ಯರು. ಅಲ್ಲಿಯವರೆಗೆ ಮಾತ್ರೆಯ ಡಬ್ಬಿಯನ್ನು ನಾಯಿಗೆ ಎಟುಕದಂತೆ ಎತ್ತಿಡುವ ಹೊಣೆ ನಮ್ಮದು. ಕರೆಗೆ ಓಗೊಡುವ ವೈದ್ಯರನ್ನು ಒದಗಿಸುವ ಹೊಣೆ ಸರ್ಕಾರದ್ದು.