ಹೆಣ್ಣುಮಕ್ಕಳೂ ರಸಾಯನಶಾಸ್ತ್ರವೂ

ಹತ್ತನೆಯ ತರಗತಿಯ ತರುವಾಯ ಹೆಣ್ಣುಮಗಳಿಗೆ ರಸಾಯನಶಾಸ್ತ್ರದಿಂದ ಆಗತಕ್ಕ ಪ್ರಯೋಜನವೇನೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಪೋಷಕರು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಉತ್ತರವೂ ದೂರದಲ್ಲಿಲ್ಲ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಲ್ಲಿ ಗಾಳಿಯಾಡಿಸಿ ಚಿನ್ನವನ್ನು ಕರಗಿಸುತ್ತಾರೆ. ಆಮ್ಲಜನಕವು ಸಾಲದೆ ಹೋದರೆ ಕರಗುವಿಕೆಯು ನಿಧಾನವಾಗುವುದು. ಆದುದರಿಂದ ಚಿನ್ನವು ಕರಗುವುದೇ ಎಂದು ತಿಳಿದರೆ ಸಾಲದು; ಎಷ್ಟು ಹೊತ್ತಿನಲ್ಲಿ ಎಂಬುದೂ ತಿಳಿಯಬೇಕು. ಇದನ್ನು ವಿಚಾರಿಸುವುದೇ ರಾಸಾಯನಿಕ ಚಲನಶಾಸ್ತ್ರ.

ನೀರಿನಲ್ಲಿ ಲೋಹದ ಅಯಾನನ್ನು ನೀರಿನ ಅಣುಗಳು ಮುತ್ತಿಕೊಂಡಿರುವುದರಿಂದ ಅದರ ನಿಜಗುಣವು ಮರೆಯಾಗುತ್ತದೆ. ಆದಕಾರಣ ವಿದ್ವಾಂಸರು ಗಾಳಿಯನ್ನು ಹೊರತೆಗೆದ ಪಾತ್ರೆಯಲ್ಲಿ ಅಯಾನುಗಳನ್ನು ಹಿಡಿದಿಟ್ಟು, ಸಾವಯವ ಅನಿಲವನ್ನು ಕಿಂಚಿತ್ತೇ ಬಿಟ್ಟು, ಕ್ಷಣಕ್ಷಣಕ್ಕೆ ಎಷ್ಟು ಉಳಿದವೆಂದು ಎಣಿಸುತ್ತಾರೆ. ಸಾವಿರವು ಐನೂರಾಗಲು ಹಿಡಿದ ಕಾಲವೇ ಐನೂರು ಇನ್ನೂರೈವತ್ತಾಗಲೂ ಹಿಡಿಯುವುದು. ಈ ಲೆಕ್ಕವು ನಮ್ಮ ಬಾಲಿಕೆಯರಿಗೆ ಮೀರಿದುದಲ್ಲ. 1979ರಲ್ಲಿ ಅಮೆರಿಕದ ಆಲಿಸನ್, ಫ್ರೀಸ್, ರಿಡ್ಜ್ ಎಂಬವರು, ಕಬ್ಬಿಣದ ಒಂಟಿ ಅಯಾನು ಬ್ಯೂಟೇನಿನಂಥ ಅಣುಗಳ ಇಂಗಾಲದ ಬಂಧವನ್ನೇ ಮುರಿಯುವುದೆಂದು ಪ್ರಕಟಿಸಿದರು. ಬ್ಯೂಟೇನೆಂಬುದು ನಮ್ಮ ಅಡುಗೆಯ ಸಿಲಿಂಡರಿನೊಳಗಿನ ಅನಿಲಗಳಲ್ಲೊಂದು! ಒಲೆಯ ಮೇಲಿನ ಕಬ್ಬಿಣದ ಹಂಚು ಮಾಡಲಾರದುದನ್ನು ಒಂಟಿ ಅಯಾನು ಮಾಡಿತು.

ಇದು ಗಂಡಸರ ವಿದ್ಯೆಯೆಂದು ಹೇಳುವವರು ಕಮಲಾ ಸೊಹೊನಿಯವರನ್ನು ನೆನೆಯಲಿ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯು ಹೆಂಗಸೆಂಬ ಕಾರಣದಿಂದ ಅವರನ್ನು ಮೊದಲು ನಿರಾಕರಿಸಿತ್ತು. ಅವರು ಹಿಂಜರಿಯದೆ ಪ್ರವೇಶವನ್ನು ಪಡೆದರು. ಮುಂದೆ ಕೇಂಬ್ರಿಜ್ಜಿನಲ್ಲಿ, ಕಬ್ಬಿಣವನ್ನೊಳಗೊಂಡ ಸೈಟೋಕ್ರೋಮ್ ಸಿ ಎಂಬ ಸಾವಯವ ಪದಾರ್ಥವು ಸಸ್ಯಗಳಲ್ಲಿಯೂ ಉಂಟೆಂದು ತೋರಿಸಿ 1939ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದರು.

ಆದರೆ ಪ್ರಯೋಗಶಾಲೆಯ ಕಪಾಟಿಗೆ ಬೀಗ ಹಾಕಿ ಸಮೀಕರಣಗಳನ್ನು ಕಂಠಪಾಠ ಮಾಡಿಸುವುದು ವಿಜ್ಞಾನವಲ್ಲ. ಮೊಟ್ಟೆಯ ಚಿಪ್ಪನ್ನು ಚೂರಾಗಿಯೂ ಪುಡಿಯಾಗಿಯೂ ನಿಂಬೆಯ ರಸದಲ್ಲಿ ಹಾಕಿ, ಗಡಿಯಾರವನ್ನು ಮುಂದಿಟ್ಟುಕೊಂಡು ಗುಳ್ಳೆಗಳನ್ನು ಗಮನಿಸಿದ ಹುಡುಗಿಗೆ, ಹಟ್ಟಿಯಲ್ಲಿ ಅದಿರನ್ನೇಕೆ ಅರೆಯುವರೆಂಬುದು ತಾನಾಗಿ ಹೊಳೆಯುವುದು. ಇದಕ್ಕೆ ತಗಲುವ ವೆಚ್ಚವು ಅತ್ಯಲ್ಪ.

ಪೋಷಕ ಮಹಾಶಯರೇ, ಮಗಳ ಅಂಕಗಳನ್ನು ವಿಚಾರಿಸುವಾಗ, ಈ ತಿಂಗಳು ಅವಳು ಕೈಯಾರೆ ಏನನ್ನು ಅಳೆದಳೆಂದೂ ನಮ್ಮನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ವಿಜ್ಞಾನವನ್ನು ಓದಿದವರು ವರುಷಕ್ಕೊಂದು ದಿನವಾದರೂ ನಮ್ಮ ಪ್ರಯೋಗಶಾಲೆಗೆ ಬನ್ನಿರಿ. ನೀವು ದಾಟಿದ ಹೊಸ್ತಿಲನ್ನು ನಿಮ್ಮ ತಂಗಿಯರೂ ದಾಟಲಿ.